ಕಿಲ್‌ಫೆನೋರಾ ಮತ್ತು ಸುತ್ತಲಿನ ಊರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಐರ್ಲೆಂಡಿಗೆ ಬರುವ ಗೆಳೆಯರು, ಗೆಳೆಯರ ಗೆಳೆಯರು, ಅತ್ತೆ ಕಡೆಯ ನೆಂಟರು, ಎಲ್ಲರೂ ನನ್ನನ್ನು ಕೇಳುವುದು ಒಂದೇ: "ಡಬ್ಲಿನ್‌ನಿಂದ ಒಂದೇ ದಿನದಲ್ಲಿ ಸಮುದ್ರದಂಚಿನ ಮೋಹರ್ ಬಂಡೆ ನೋಡಿ ವಾಪಸ್ ಬರಬಹುದಾ?" ಬರಬಹುದು. ದಿನದ ಮುಕ್ಕಾಲು ಪಾಲು ಬಸ್ಸಿನ ಕಿಟಕಿ ನೋಡಿಕೊಂಡು ಕೂತಿರಬೇಕು, ಅಷ್ಟೆ. ಅದರ ಬದಲು ಬಂಡೆಗೆ ಹತ್ತಿರದ ಕಿಲ್‌ಫೆನೋರಾದಲ್ಲಿ ಎರಡು ರಾತ್ರಿ ಉಳಿಯಿರಿ ಅಂತ ನಾನು ಹೇಳುತ್ತೇನೆ. ಆಗ ಶುರುವಾಗುತ್ತವೆ ಪ್ರಶ್ನೆಗಳು. ಪ್ರತಿ ಸಲ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಬೆರಳು ನೋವು ಬಂದಿದೆ. ಹಾಗಾಗಿ ಎಲ್ಲವೂ ಇಲ್ಲೇ ಇರಲಿ.

ಕಿಲ್‌ಫೆನೋರಾ ಎಲ್ಲಿದೆ? ಎಷ್ಟು ದೊಡ್ಡ ಊರು?

ಐರ್ಲೆಂಡಿನ ಪಶ್ಚಿಮಕ್ಕೆ, ಕ್ಲೇರ್ ಕೌಂಟಿಯಲ್ಲಿದೆ. ಬರೆನ್ ಅನ್ನುವ ಸುಣ್ಣಕಲ್ಲಿನ ಸೀಮೆಯ ದಕ್ಷಿಣದ ಅಂಚು. ಡಬ್ಲಿನ್‌ನಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ, ಶಾನನ್ ವಿಮಾನ ನಿಲ್ದಾಣದಿಂದ ಒಂದು ಗಂಟೆ. ಊರು ದೊಡ್ಡದಲ್ಲ, ಬಹಳ ಚಿಕ್ಕದು. ಒಂದು ಚೌಕ, ಕೆಲವು ಪಬ್ಬು, ಅರ್ಧ ಪಾಳುಬಿದ್ದ ಒಂದು ಕೆಥೆಡ್ರಲ್ (ಅಂದರೆ ಬಿಷಪ್ ಇರುವ ದೊಡ್ಡ ಚರ್ಚು), ಬರೆನ್ ಸೆಂಟರ್ ಎಂಬ ಒಂದು ಪ್ರವಾಸಿ ಮಾಹಿತಿ ಕೇಂದ್ರ. ಈ ತುದಿಯಿಂದ ಆ ತುದಿಗೆ ನಡೆಯಲು ಹತ್ತು ನಿಮಿಷವೂ ಬೇಡ. ದಾರಿಯಲ್ಲಿ ಯಾರಾದರೂ ಮಾತಿಗೆ ಸಿಕ್ಕರೆ ಮುಕ್ಕಾಲು ಗಂಟೆ.

ಕಿಲ್, ಬ್ಯಾಲಿ, ಕಾಹರ್... ಈ ಹೆಸರುಗಳ ಅರ್ಥ ಏನು?

"ಕಿಲ್ ಅಂದರೆ ಕೊಲ್ಲೋದಾ?" ಅಂತ ನಮ್ಮ ಮನೆಗೆ ಬಂದ ಒಬ್ಬ ಹುಡುಗ ಗಾಬರಿಯಿಂದ ಕೇಳಿದ್ದ. ಅಲ್ಲಪ್ಪ. ಐರಿಶ್ ಭಾಷೆಯಲ್ಲಿ ಕಿಲ್ ಅಂದರೆ ಚರ್ಚು. ಬ್ಯಾಲಿ ಅಂದರೆ ಊರು. ಕಾಹರ್ ಅಂದರೆ ಕಲ್ಲಿನ ಕೋಟೆ, ಲಿಸ್ ಅಂದರೆ ಮಣ್ಣಿನ ದುಂಡು ಕೋಟೆ, ನಾಕ್ ಅಂದರೆ ಗುಡ್ಡ, ಪೋಲ್ ಅಂದರೆ ಗುಂಡಿ. ನಮ್ಮಲ್ಲಿ ಹಳ್ಳಿ, ಪುರ, ಪಾಳ್ಯ, ಕೆರೆ ಅಂತ ಕೊನೆಗೆ ಬರುತ್ತದಲ್ಲ, ಇಲ್ಲಿ ಅದೇ ಮೊದಲಿಗೆ ಬರುತ್ತದೆ. ಇಷ್ಟು ಗೊತ್ತಿದ್ದರೆ ರಸ್ತೆಯ ಫಲಕಗಳನ್ನೇ ಓದಿಕೊಂಡು ಹೋಗಬಹುದು.

ಊರಿಗಿಂತ ಚಿಕ್ಕದು ಟೌನ್‌ಲ್ಯಾಂಡ್. ಹೆಸರಿನಲ್ಲಿ ಟೌನ್ ಇದೆ, ಆದರೆ ಟೌನ್ ಏನೂ ಇರುವುದಿಲ್ಲ. ನಾಲ್ಕಾರು ಹೊಲ, ಒಂದೆರಡು ಮನೆ, ಕೆಲವು ಕಡೆ ಮನೆಯೂ ಇಲ್ಲ. ಇಂಥವು ಐರ್ಲೆಂಡ್ ದ್ವೀಪದಲ್ಲಿ 60,000ಕ್ಕೂ ಜಾಸ್ತಿ ಇವೆ. ಬಹುಪಾಲು ಹಳ್ಳಿಮನೆಗಳಿಗೆ ನಂಬರ್ ಇಲ್ಲ, ಬೀದಿ ಹೆಸರೂ ಇಲ್ಲ. ಮನೆಯವರ ಹೆಸರು, ಟೌನ್‌ಲ್ಯಾಂಡ್, ಹತ್ತಿರದ ಊರು, ಮುಗಿಯಿತು. 2015ರಲ್ಲಿ ಏರ್‌ಕೋಡ್ ಅಂತ ಮನೆಗೊಂದು ಕೋಡ್ ಬಂತು. ನೀವು ಉಳಿಯುವ ಮನೆಯವರ ಹತ್ತಿರ ಅದನ್ನು ಕೇಳಿ ತಗೊಳ್ಳಿ. ಇಲ್ಲದಿದ್ದರೆ ನನ್ನ ಹಾಗೆ ಕತ್ತಲಲ್ಲಿ ಯಾರದೋ ಕೊಟ್ಟಿಗೆಯ ಮುಂದೆ ಕಾರು ನಿಲ್ಲಿಸಿ, ಹೊರಗೆ ಬಂದ ಅಜ್ಜನಿಗೆ "ನಾನು ಬುಕ್ ಮಾಡಿದ ರೂಮು" ಅಂತ ಹೇಳಬೇಕಾಗುತ್ತದೆ.

ಇಷ್ಟು ಚಿಕ್ಕ ಊರಿಗೆ ಕೆಥೆಡ್ರಲ್ ಯಾಕೆ?

ಸೇಂಟ್ ಫಾಕ್ನನ್ ಎಂಬ ಸಂತನ ಹೆಸರಿನ ಮಠ 6ನೇ ಶತಮಾನದ್ದು ಅಂತ ಹೇಳುತ್ತಾರೆ. 1152ರಲ್ಲಿ ಕೆಲ್ಸ್‌ನಲ್ಲಿ ನಡೆದ ಧರ್ಮಸಭೆಯಲ್ಲಿ ಕಿಲ್‌ಫೆನೋರಾ ಪ್ರತ್ಯೇಕ ಡಯಾಸಿಸ್ ಆಯಿತು. ಅಂದರೆ ಇದಕ್ಕೇ ಒಬ್ಬ ಬಿಷಪ್. ಹೊರಗಿನಿಂದ ಬಂದ ದೊಡ್ಡವರ ಕೈಕೆಳಗೆ ಇರಲು ಇಲ್ಲಿನ ಪುಟ್ಟ ಪಾಳೇಗಾರರಿಗೆ ಇಷ್ಟವಿರಲಿಲ್ಲ, ತಮ್ಮ ಸೀಮೆಗೆ ತಮ್ಮದೇ ಬಿಷಪ್ ಬೇಕಿತ್ತು. ಬಡ ಡಯಾಸಿಸ್. ಆಮೇಲೆ ಪಕ್ಕದ ಕಿಲ್‌ಮಕ್‌ಡೂವ, ಆಮೇಲೆ ಗಾಲ್ವೇ ಜೊತೆ ಸೇರಿಸಿದರು. ಆದರೆ ಪೂರ್ತಿ ಸೇರಿಸಲಿಲ್ಲ. ಗಾಲ್ವೇಯ ಬಿಷಪ್ ಕಿಲ್‌ಫೆನೋರಾಕ್ಕೆ ಬರೀ ಉಸ್ತುವಾರಿ, ಹಾಗಾಗಿ ನಿಜವಾದ ಬಿಷಪ್ ರೋಮಿನಲ್ಲಿರುವ ಪೋಪ್ ಅಂತ ಊರಿನವರ ಹೆಮ್ಮೆಯ ಮಾತು. ಪಬ್ಬಿನಲ್ಲಿ ಕೂತು ಹತ್ತು ನಿಮಿಷದೊಳಗೆ ಯಾರಾದರೂ ಇದನ್ನು ನಿಮಗೆ ಹೇಳುತ್ತಾರೆ. ಮೊದಲ ಸಲ ಕೇಳಿದವರಂತೆ "ಹೌದಾ!" ಅನ್ನಿ.

ಒಳಗೆ ನೋಡುವಂಥದ್ದು ಏನಿದೆ?

ಶಿಲುಬೆಗಳು. ಒಂದೇ ಚಪ್ಪಡಿಯಲ್ಲಿ ಕಡೆದ, ಆಳೆತ್ತರಕ್ಕಿಂತ ದೊಡ್ಡ ಶಿಲುಬೆಗಳು, 12ನೇ ಶತಮಾನದವು. ಕೆಥೆಡ್ರಲ್‌ನ ಒಂದು ಭಾಗಕ್ಕೆ ಗಾಜಿನ ಸೂರು ಹಾಕಿ, ಮಳೆಗೆ ಸವೆಯದ ಹಾಗೆ ಕೆಲವನ್ನು ಅದರ ಕೆಳಗೆ ತಂದು ನಿಲ್ಲಿಸಿದ್ದಾರೆ. ಡೋರ್ಟಿ ಶಿಲುಬೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅದರ ಕೆಳಗಿನ ತುಂಡು ಬಹಳ ಕಾಲ ಡೋರ್ಟಿ ಎಂಬ ಮನೆತನದ ಸಮಾಧಿಗಲ್ಲಾಗಿತ್ತು, ಹಾಗಾಗಿ ಆ ಹೆಸರು. ಮೇಲೆ ದೊಡ್ಡ ಬಿಷಪ್, ಕೆಳಗೆ ಕೋಲು ಹಿಡಿದ ಇಬ್ಬರು, ಅವರ ಕಾಲ ಕೆಳಗೆ ರೆಕ್ಕೆಯ ಒಂದು ಪ್ರಾಣಿ. ಇಬ್ಬರ ಕೋಲೂ ಒಂದೇ ಥರ ಇಲ್ಲ. ಒಂದು ಕೊಕ್ಕೆಯ ಹಾಗೆ ಬಾಗಿದೆ, ಇನ್ನೊಂದರ ತುದಿ ಸುತ್ತಿಗೆಯ ಹಾಗೆ ಅಡ್ಡಕ್ಕಿದೆ. ಮಧ್ಯಾಹ್ನದ ಬೆಳಕು ಗಾಜಿನಿಂದ ಓರೆಯಾಗಿ ಬಿದ್ದಾಗ ಗೆರೆಗಳು ಚೆನ್ನಾಗಿ ಕಾಣುತ್ತವೆ. ಮೋಡ ಕವಿದಿದ್ದರೆ ಮೊಬೈಲಿನ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ನೇರ ಹಿಡಿದರೆ ಬರೀ ಬೂದು ಕಲ್ಲು ಕಾಣುತ್ತದೆ. ಇನ್ನೊಂದು ಎತ್ತರದ ಶಿಲುಬೆ ಪಶ್ಚಿಮದ ಹೊಲದಲ್ಲಿ ಒಂಟಿಯಾಗಿ ನಿಂತಿದೆ. ಅದಕ್ಕೆ ಸೂರೂ ಇಲ್ಲ, ಟಿಕೆಟ್ಟೂ ಇಲ್ಲ. ನನಗೆ ಅದೇ ಜಾಸ್ತಿ ಇಷ್ಟ.

ಬರೆನ್ ಅಂದರೆ ಬರೀ ಕಲ್ಲು ಅಲ್ವಾ? ಅದರಲ್ಲಿ ನೋಡೋದೇನು?

ಎಲ್ಲರೂ ಮೊದಲು ಹೀಗೇ ಅನ್ನುತ್ತಾರೆ. ಹೆಸರಿನ ಅರ್ಥವೇ ಕಲ್ಲಿನ ಜಾಗ. ಐರ್ಲೆಂಡಿನ ಮೇಲೆ ದಂಡೆತ್ತಿ ಬಂದ ಇಂಗ್ಲೆಂಡಿನ ಕ್ರಾಮ್‌ವೆಲ್‌ನ ಸೇನಾಪತಿ ಎಡ್ಮಂಡ್ ಲಡ್ಲೋ 1651ರಲ್ಲಿ ಇಲ್ಲಿಗೆ ದಂಡು ತಂದಾಗ, ಒಬ್ಬನನ್ನು ಮುಳುಗಿಸಲು ನೀರಿಲ್ಲ, ನೇಣು ಹಾಕಲು ಮರವಿಲ್ಲ, ಹೂಳಲು ಮಣ್ಣಿಲ್ಲ ಅಂತ ಬರೆದಿಟ್ಟ. ಈ ಮಾತನ್ನು ಎಲ್ಲ ಕಡೆ ಹಾಕುತ್ತಾರೆ. ಅದರ ಮುಂದಿನ ಮಾತನ್ನು ಬಿಟ್ಟುಬಿಡುತ್ತಾರೆ. ಇಷ್ಟಾದರೂ ಇಲ್ಲಿನ ದನಗಳು ಚೆನ್ನಾಗಿ ಕೊಬ್ಬಿವೆ, ಬಂಡೆಗಳ ನಡುವಿನ ಹುಲ್ಲು ಬಹಳ ಸಿಹಿ ಅಂತಲೂ ಅವನೇ ಬರೆದಿದ್ದಾನೆ. ಕೊಲ್ಲಲು ಬಂದವನ ಕಣ್ಣಿಗೂ ದನ ಬಿತ್ತು ನೋಡಿ.

ಇಲ್ಲಿ ಅಸಲಿ ವಿಷಯ ದನಗಳೇ. ಕಲ್ಲು ಸುಮಾರು 33 ಕೋಟಿ ವರ್ಷದ ಹಿಂದೆ ಬೆಚ್ಚಗಿನ ಸಮುದ್ರದ ತಳದಲ್ಲಿ ಆದದ್ದು. ಹಿಮಗಾಲದ ಮಂಜುಗಡ್ಡೆ ಅದನ್ನು ಉಜ್ಜಿ ಬೋಳು ಮಾಡಿತು. ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಉದ್ದುದ್ದ ಬಿರುಕು ಕೊರೆಯಿತು. ಚಪ್ಪಡಿಗೆ ಕ್ಲಿಂಟ್ ಅನ್ನುತ್ತಾರೆ, ಬಿರುಕಿಗೆ ಗ್ರೈಕ್. ಬಗ್ಗಿ ಗ್ರೈಕ್‌ನೊಳಗೆ ನೋಡಿ. ಮೇಲೆ ಗಾಳಿ ಕಿವಿ ಹರಿಯುವ ಹಾಗೆ ಬೀಸುತ್ತಿದ್ದರೂ ಒಳಗೆ ತೇವ, ತಂಪು, ಜರೀಗಿಡ. ಆ ಕಪ್ಪು ದಂಟಿನ ಮೇಡನ್‌ಹೇರ್ ಜರೀಗಿಡ ನೋಡಿದರೆ ನಮ್ಮ ಮಲೆನಾಡಿನ ಬಾವಿಕಟ್ಟೆ ನೆನಪಾಗುತ್ತದೆ.

ಈಗ ದನಗಳಿಗೆ ಬರೋಣ. ಯುರೋಪಿನ ಬೆಟ್ಟದ ಸೀಮೆಗಳಲ್ಲಿ ಬೇಸಿಗೆಗೆ ದನ ಮೇಲೆ ಹೋಗುತ್ತವೆ, ಚಳಿಗಾಲಕ್ಕೆ ಕೆಳಗಿಳಿಯುತ್ತವೆ. ಬರೆನ್‌ನಲ್ಲಿ ಉಲ್ಟಾ. ಬೇಸಿಗೆಯ ಬಿಸಿಯನ್ನು ಸುಣ್ಣಕಲ್ಲು ಹಿಡಿದಿಟ್ಟುಕೊಳ್ಳುತ್ತದೆ, ಮಲಗಲು ಒಣ ಜಾಗ ಸಿಗುತ್ತದೆ, ಚಳಿಗಾಲದಲ್ಲಿ ಮೇಲೆ ಒರತೆ ನೀರೂ ಇರುತ್ತದೆ. ಹಾಗಾಗಿ ಅಕ್ಟೋಬರ್ ಕೊನೆಗೆ ರೈತರು ದನಗಳನ್ನು ಗುಡ್ಡ ಹತ್ತಿಸುತ್ತಾರೆ. ಇದಕ್ಕೆ ವಿಂಟರೇಜ್ ಅನ್ನುತ್ತಾರೆ. ದನ ಚಳಿಗಾಲವೆಲ್ಲ ಒರಟು ಹುಲ್ಲನ್ನು ತಿಂದು ಬೋಳು ಮಾಡಿ ಏಪ್ರಿಲ್ ಹೊತ್ತಿಗೆ ಇಳಿಯುತ್ತವೆ. ಆಮೇಲೆ ಪುಟ್ಟ ಹೂಗಿಡಗಳಿಗೆ ಬೆಳಕು ಸಿಗುತ್ತದೆ. ದನ ಹತ್ತದಿದ್ದರೆ ಹೇಝಲ್ ಪೊದೆ ಬೆಳೆದು ಎಲ್ಲ ಮುಚ್ಚಿಹೋಗುತ್ತದೆ. ಹೂವಿಗೆ ಹೆಸರಾದ ಜಾಗ ಇದು, ಆ ಹೂವನ್ನು ಉಳಿಸಿರುವುದು ಬೇಲಿ ಅಲ್ಲ, ಹಸುವಿನ ಬಾಯಿ.

ಒಂದು ವರ್ಷ ಗುಡ್ಡ ಹತ್ತುವ ಈ ದನಗಳ ಹಿಂದೆ ನಾನೂ ನಡೆದಿದ್ದೆ. ಗೇಟು ತೆಗೆದಿದ್ದಷ್ಟೇ ರೈತನ ಕೆಲಸ. ಮುದಿ ಹಸುವೊಂದು ಯಾರ ಮುಖವನ್ನೂ ನೋಡದೆ ಮುಂದೆ ಹೊರಟಿತು, ಉಳಿದವು ಹಿಂಬಾಲಿಸಿದವು. ಮಣ್ಣಿನ ದಾರಿ ಮುಗಿದು ಕಲ್ಲು ಶುರುವಾದ ಕೂಡಲೇ ಸದ್ದು ಬದಲಾಯಿತು. ಸಡಿಲ ಚಪ್ಪಡಿಗಳ ಮೇಲೆ ಗೊರಸು ಬಿದ್ದಾಗ ಟಣಕ್, ಟಣಕ್ ಅಂತ ಪಾತ್ರೆ ಅಂಗಡಿಯ ಸದ್ದು. ನಾವು ಮನುಷ್ಯರು ಬೀಳದ ಹಾಗೆ ಕಾಲು ನೋಡಿಕೊಂಡು ಹತ್ತುತ್ತಿದ್ದರೆ ಅವು ಯಾವತ್ತೋ ಗೊತ್ತಿದ್ದ ದಾರಿಯಲ್ಲಿ ಸುಮ್ನೆ ಹೋಗುತ್ತಿದ್ದವು.

ಹೂವು ನೋಡಲು ಯಾವಾಗ ಬರಬೇಕು?

ಮೇ ತಿಂಗಳು. ಕಡು ನೀಲಿಯ ಜೆನ್‌ಶಿಯನ್ ಏಪ್ರಿಲ್ ಕೊನೆಯಿಂದ ಅರಳುತ್ತದೆ. ಹೆಬ್ಬೆರಳ ಉಗುರಿನಷ್ಟು ಹೂವು, ಆದರೆ ಬೂದು ಕಲ್ಲಿನ ನಡುವೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಧ್ರುವದ ಕಡೆಯ ಮೌಂಟನ್ ಏವೆನ್ಸ್ ಮತ್ತು ಮೆಡಿಟರೇನಿಯನ್ ಕಡೆಯ ಆರ್ಕಿಡ್ ಇಲ್ಲಿ ಒಂದೇ ಹೊಲದಲ್ಲಿ ಬೆಳೆಯುತ್ತವೆ. ದಯವಿಟ್ಟು ಕೀಳಬೇಡಿ. ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಗೋಪುರ ಕಟ್ಟಿ ಫೋಟೋ ಹಾಕುವ ಚಟ ಇದ್ದರೆ ಅದನ್ನೂ ಮನೆಯಲ್ಲಿ ಬಿಟ್ಟು ಬನ್ನಿ. ಒಂದು ಚಪ್ಪಡಿ ಎತ್ತಿದರೆ ಅದರ ಕೆಳಗಿನ ಗಿಡ, ಹುಳ ಎಲ್ಲ ಹೋಗುತ್ತದೆ.

ಮಾಯವಾಗುವ ಕೆರೆ ನಿಜವಾ?

ನಿಜ. ಟರ್ಲಾಕ್ ಅನ್ನುತ್ತಾರೆ, ಒಣಗುವ ಕೆರೆ ಅಂತ ಅರ್ಥ. ಇಲ್ಲಿ ನೀರು ನೆಲದ ಮೇಲೆ ಹರಿಯುವುದು ಕಡಿಮೆ, ಎಲ್ಲವೂ ಬಿರುಕಿನಲ್ಲಿ ಇಳಿದು ಒಳಗೇ ಹರಿಯುತ್ತದೆ. ಜೋರು ಮಳೆಯಾದಾಗ ಒಳಗಿನ ನೀರು ತೂತುಗಳಿಂದ ಮೇಲೆ ಉಕ್ಕಿ ಹೊಲ ಕೆರೆಯಾಗುತ್ತದೆ, ಮಳೆ ನಿಂತರೆ ಬಂದ ದಾರಿಯಲ್ಲೇ ಇಳಿದುಹೋಗುತ್ತದೆ. ಕ್ಯಾರನ್ ಊರಿನ ಪಕ್ಕದ್ದು ಬಹಳ ದೊಡ್ಡದು. ನೀವು ಹೋದಾಗ ನೀರಿಲ್ಲದಿದ್ದರೆ ಕಲ್ಲಿನ ಗೋಡೆಗಳ ಮೇಲೆ ಕಪ್ಪು ಪಾಚಿ ಎಲ್ಲಿಯವರೆಗೆ ಹತ್ತಿದೆ ನೋಡಿ. ನೀರು ಬಂದ ಗುರುತು ಅದೇ.

ಪೋಲ್‌ನಬ್ರೋನ್ ಎಷ್ಟು ಹಳೆಯದು?

ಸುಮಾರು 5,800 ವರ್ಷ. ಬರೆನ್‌ನಲ್ಲಿರುವ ಕಲ್ಲಿನ ಸಮಾಧಿ ಇದು, ಎದ್ದು ನಿಂತ ಕಲ್ಲುಗಳ ಮೇಲೆ ಓರೆಯಾಗಿ ಕೂತ ಒಂದು ದೊಡ್ಡ ಚಪ್ಪಡಿ. ಪೋಸ್ಟ್‌ಕಾರ್ಡುಗಳಲ್ಲಿ ನೋಡಿರುತ್ತೀರಿ. 1985ರಲ್ಲಿ ಒಂದು ಕಲ್ಲು ಬಿರುಕು ಬಿಟ್ಟಿದ್ದು ಗೊತ್ತಾಯಿತು. ಅದನ್ನು ಸರಿಪಡಿಸುವ ನೆಪದಲ್ಲಿ 1986 ಮತ್ತು 1988ರಲ್ಲಿ ಆನ್ ಲಿಂಚ್ ಅವರ ಮುಂದಾಳತ್ವದಲ್ಲಿ ಅಗೆದರು. ಒಳಗೆ 30ಕ್ಕೂ ಜಾಸ್ತಿ ಜನರ ಮೂಳೆಗಳು ಸಿಕ್ಕವು, ದೊಡ್ಡವರದ್ದೂ ಮಕ್ಕಳದ್ದೂ. ಒಬ್ಬನ ಸೊಂಟದ ಮೂಳೆಯಲ್ಲಿ ಕಲ್ಲಿನ ಬಾಣದ ತುದಿ ಮುರಿದು ಹಾಗೇ ಉಳಿದಿತ್ತು. ಹೆಸರಿಗೆ ದುಃಖದ ಗುಂಡಿ ಅಂತ ಕೆಲವು ಗೈಡುಗಳು ಅರ್ಥ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಬೀಸುಕಲ್ಲಿನ ಗುಂಡಿ ಅನ್ನುವುದೇ ಸರಿ. ನನಗೂ ಬೀಸುಕಲ್ಲೇ ಇಷ್ಟ.

ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ನಡುವೆ ಟೂರ್ ಬಸ್ಸುಗಳು ಸಾಲಾಗಿ ನಿಲ್ಲುತ್ತವೆ.

ಲೀಮನೇ ಕೋಟೆಯ ಕೆಂಪು ಮೇರಿ ಯಾರು?

ಮಾಯ್ರ ರೂವಾ, ಅಂದರೆ ಕೆಂಪು ಕೂದಲಿನ ಮೇರಿ. ಕಿಲ್‌ಫೆನೋರಾದಿಂದ ಕೊರೊಫಿನ್ ಕಡೆ ಹೊರಟರೆ ಕೆಲವೇ ನಿಮಿಷದಲ್ಲಿ ತಿರುವಿನಲ್ಲಿ ಒಂದು ಬೋಳು ಕೋಟೆ ಕಾಣುತ್ತದೆ. ಬಲಗಡೆಯ ಕಿರಿದಾದ ಗೋಪುರ 15ನೇ ಶತಮಾನದ್ದು, ಸೀಳುಗಿಂಡಿ ಮಾತ್ರ. ಅದಕ್ಕೆ ಅಂಟಿಸಿದ ಸಾಲು ಕಿಟಕಿಗಳ ಮನೆ 17ನೇ ಶತಮಾನದ್ದು, ಮೇರಿ ಮತ್ತು ಅವಳ ಗಂಡ ಕಾನರ್ ಓಬ್ರಿಯನ್ ಕಟ್ಟಿಸಿದ್ದು. ಅಂದರೆ ಇನ್ನು ಯಾರೂ ಬಾಣ ಬಿಡುವುದಿಲ್ಲ ಅಂದುಕೊಂಡು ದೊಡ್ಡ ಕಿಟಕಿ ಇಟ್ಟರು. 1651ರಲ್ಲಿ ಲಡ್ಲೋನ ದಂಡಿನ ಜೊತೆ ಕಾದಾಡಿ ಕಾನರ್ ಸತ್ತ. ಗಾಯಗೊಂಡವನನ್ನು ಹೊತ್ತು ತಂದಾಗ "ಹೆಣಕ್ಕೆ ಇಲ್ಲಿ ಜಾಗವಿಲ್ಲ" ಅಂತ ಮೇರಿ ಮೇಲಿನಿಂದ ಕೂಗಿದಳು, ಜೀವ ಇದೆ ಅಂತ ಗೊತ್ತಾದ ಮೇಲೆ ಒಳಗೆ ಕರೆದುಕೊಂಡು ಸಾಯುವವರೆಗೆ ಆರೈಕೆ ಮಾಡಿದಳು ಅಂತ ಕತೆ. ಆಮೇಲೆ ಆಸ್ತಿ ಉಳಿಸಿಕೊಳ್ಳಲು ಶತ್ರು ಪಾಳೆಯದ ಜಾನ್ ಕೂಪರ್ ಎಂಬ ಸೈನಿಕನನ್ನೇ ಮದುವೆಯಾದಳು. ಕತೆಗಳಲ್ಲಿ ಅವಳಿಗೆ 25 ಗಂಡಂದಿರು, ದಾಖಲೆಯಲ್ಲಿ ಮೂವರೇ. ಜಾಣ ಹೆಂಗಸನ್ನು ರಾಕ್ಷಸಿ ಮಾಡುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಕೋಟೆ ಖಾಸಗಿ ಜಮೀನಿನಲ್ಲಿದೆ, ಒಳಗೆ ಬಿಡುವುದಿಲ್ಲ. ರಸ್ತೆಯಿಂದಲೇ ನೋಡಿ.

ಹತ್ತಿರದ ಬೇರೆ ಊರುಗಳು?

ಕಿಲ್ನಬಾಯ್‌ನಲ್ಲಿ ಪಾಳು ಚರ್ಚಿನ ಬಾಗಿಲ ಮೇಲೆ ಶೀಲಾ ನ ಗಿಗ್ ಎಂಬ ನಗ್ನ ಹೆಣ್ಣಿನ ಕೆತ್ತನೆ ಇದೆ. ಕ್ಯಾರನ್‌ನಲ್ಲಿ ಮೈಕಲ್ ಕ್ಯೂಸಾಕ್ 1847ರಲ್ಲಿ ಹುಟ್ಟಿದರು. ಐರಿಶ್ ಆಟಗಳಾದ ಹರ್ಲಿಂಗ್, ಗೇಲಿಕ್ ಫುಟ್‌ಬಾಲ್ ಉಳಿಸಲು 1884ರಲ್ಲಿ ಸಂಘ ಕಟ್ಟಿದವರು ಅವರು. ಅದೇ ಕಡೆ ಬಂಡೆಯ ಅಂಚಿನಲ್ಲಿ ಕಾಹರ್‌ಕಮಾನ್ ಎಂಬ ಮೂರು ಸುತ್ತಿನ ಕೋಟೆ ಇದೆ, ಸ್ವಲ್ಪ ನಡೆಯಬೇಕು, ಜನ ಕಡಿಮೆ. ಎನಿಸ್‌ಟೈಮನ್‌ನಲ್ಲಿ ಊರ ಮಧ್ಯೆಯೇ ನದಿ ಮೆಟ್ಟಿಲು ಮೆಟ್ಟಿಲಾಗಿ ಧುಮುಕುತ್ತದೆ, ಹಳೇ ಅಂಗಡಿ ಮುಂಗಟ್ಟುಗಳೂ ಚೆನ್ನ. ಲಹಿಂಚ್‌ನಲ್ಲಿ ಸರ್ಫಿಂಗ್. ಡೂಲಿನ್‌ನಿಂದ ಅರಾನ್ ದ್ವೀಪಗಳಿಗೆ ದೋಣಿ.

ಲಿಸ್‌ಡೂನ್‌ವಾರ್ನಾದಲ್ಲಿ ಮದುವೆ ಜಾತ್ರೆ ನಡೆಯುತ್ತದಂತೆ?

ಪ್ರತಿ ಸೆಪ್ಟೆಂಬರ್. ಗಂಧಕದ ನೀರಿನ ಬುಗ್ಗೆಗಳಿಗೆ ಹಿಂದೆ ಜನ ಆರೋಗ್ಯಕ್ಕೆ ಅಂತ ಬರುತ್ತಿದ್ದರು. ಕೊಯ್ಲು ಮುಗಿಸಿ ಕೈಯಲ್ಲಿ ನಾಲ್ಕು ಕಾಸು ಮಾಡಿಕೊಂಡ ಬ್ರಹ್ಮಚಾರಿ ರೈತರೂ ಅದೇ ಹೊತ್ತಿಗೆ ಬರುತ್ತಿದ್ದರು. ನಡುವೆ ಮ್ಯಾಚ್‌ಮೇಕರ್, ಅಂದರೆ ನಮ್ಮ ಮದುವೆ ದಲ್ಲಾಳಿ. ಎಷ್ಟು ಎಕರೆ, ಎಷ್ಟು ದನ, ತಾಯಿ ಬದುಕಿದ್ದಾಳಾ, ಇದೇ ವಿಚಾರಣೆ. ಜಾತಕ ಒಂದು ಕೇಳುತ್ತಿರಲಿಲ್ಲ. ಇವತ್ತು ಅದು ಬಹುಪಾಲು ಕುಣಿತ, ಕುಡಿತದ ಹಬ್ಬ. ಆ ತಿಂಗಳು ರೂಮು ಸಿಗುವುದು ಕಷ್ಟ, ಮೊದಲೇ ಬುಕ್ ಮಾಡಿ.

ಸಂಗೀತ ಕೇಳಲು ಎಲ್ಲಿಗೆ ಹೋಗಬೇಕು?

ಎಲ್ಲರೂ ಡೂಲಿನ್ ಅನ್ನುತ್ತಾರೆ. ತಪ್ಪೇನಲ್ಲ, ಆದರೆ ಬೇಸಿಗೆಯಲ್ಲಿ ಅಲ್ಲಿ ವಾದ್ಯಕ್ಕಿಂತ ಕ್ಯಾಮೆರಾ ಜಾಸ್ತಿ. ಕಿಲ್‌ಫೆನೋರಾಕ್ಕೆ ತನ್ನದೇ ಕೇಲೀ ಬ್ಯಾಂಡ್ ಇದೆ, 1909ರಿಂದ. ಕೇಲೀ ಅಂದರೆ ಕುಣಿತದ ಕೂಟ. 1954, 55, 56ರಲ್ಲಿ ಸಾಲಾಗಿ ಮೂರು ಸಲ ಅಖಿಲ ಐರ್ಲೆಂಡ್ ಸ್ಪರ್ಧೆ ಗೆದ್ದರು, 1993, 94, 95ರಲ್ಲಿ ಮತ್ತೆ ಸಾಲಾಗಿ ಮೂರು ಸಲ. ಪಿಯಾನೋ ನುಡಿಸುತ್ತಿದ್ದ ಕಿಟ್ಟಿ ಲಿನೇನ್ ದಶಕಗಟ್ಟಲೆ ಬ್ಯಾಂಡ್ ನಡೆಸಿದರು. ಊರಿನ ವಾನ್ಸ್ ಪಬ್ಬಿನ ಕೊಟ್ಟಿಗೆಯ ಕುಣಿತಕ್ಕೆ ಹೆಸರಿದೆ, ಯಾವ ದಿನ ಅಂತ ಮೊದಲೇ ಫೋನ್ ಮಾಡಿ ಕೇಳಿ. ನಾಲ್ಕು ಜೋಡಿ ಚೌಕವಾಗಿ ನಿಂತು ಕುಣಿಯುತ್ತಾರೆ, ಕ್ಲೇರ್‌ನವರು ಹಿಮ್ಮಡಿಯಿಂದ ನೆಲಕ್ಕೆ ಬಡಿಯುತ್ತಾರೆ. ನಿಮ್ಮನ್ನೂ ಎಳೆಯುತ್ತಾರೆ. ಹೋಗಿ. ನಾನು ಎಡಕ್ಕೆ ತಿರುಗಬೇಕಾದಾಗ ಬಲಕ್ಕೆ ತಿರುಗಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿಗೆ ಡಿಕ್ಕಿ ಹೊಡೆದೆ. ಅವರು ನನ್ನ ಮೊಣಕೈ ಹಿಡಿದು, ಮಗುವನ್ನು ತಿರುಗಿಸುವ ಹಾಗೆ ತಿರುಗಿಸಿ, ತಾಳ ತಪ್ಪದೆ ಮುಂದೆ ಹೋದರು.

ಸೆಷನ್ ಬೇರೆ. ಮೂಲೆಯಲ್ಲಿ ವಾದ್ಯಗಾರರು ತಮ್ಮ ಪಾಡಿಗೆ ದುಂಡಗೆ ಕೂತು ನುಡಿಸುತ್ತಾರೆ. ಅವರ ಖಾಲಿ ಕುರ್ಚಿಯಲ್ಲಿ ಕೂರಬೇಡಿ. ಯಾರಾದರೂ ಒಬ್ಬರೇ ಹಾಡಲು ಶುರು ಮಾಡಿದರೆ ಮಾತು ನಿಲ್ಲಿಸಿ.

ಮೋಹರ್ ಬಂಡೆಗೆ ಹೋಗಲೇಬೇಕಾ?

ಹೋಗಿ, ಚೆನ್ನಾಗಿಯೇ ಇದೆ. 214 ಮೀಟರ್ ಎತ್ತರದಿಂದ ಸಮುದ್ರ ನೋಡುವುದು ಸಣ್ಣ ಮಾತಲ್ಲ. ಕಿಲ್‌ಫೆನೋರಾದಿಂದ ಅರ್ಧ ಗಂಟೆಯೊಳಗೆ ತಲುಪಬಹುದು, ಹಾಗಾಗಿ ಡಬ್ಲಿನ್ ಬಸ್ಸುಗಳು ಹೊರಟ ಮೇಲೆ, ಸಂಜೆ ಹೋಗಿ. ಅಂಚಿಗೆ ಸೆಲ್ಫಿ ತೆಗೆಯಲು ಹೋಗಬೇಡಿ. ಗಾಳಿ ಹಿಂದಿನಿಂದ ತಳ್ಳುತ್ತದೆ.

ಆ ಟೀವಿ ಧಾರಾವಾಹಿಯ ಮನೆ?

1995ರಿಂದ 98ರವರೆಗೆ ಬಂದ ಫಾದರ್ ಟೆಡ್ ಹಾಸ್ಯ ಸರಣಿಯ ಪಾದ್ರಿಮನೆ ಕ್ಯಾರನ್ ಮತ್ತು ಕಿಲ್ನಬಾಯ್ ನಡುವೆ ಇದೆ. ಕಿಲ್‌ಫೆನೋರಾದಲ್ಲೂ ಚಿತ್ರೀಕರಣವಾಗಿದೆ. ಮನೆಯಲ್ಲಿ ಜನ ವಾಸ ಇದ್ದಾರೆ, ಹೇಳದೆ ಕೇಳದೆ ಗೇಟಿನೊಳಗೆ ನುಗ್ಗಬೇಡಿ.

ಸಸ್ಯಾಹಾರಿಗಳಿಗೆ ಊಟ?

ಹೊಟ್ಟೆಗೆ ತೊಂದರೆ ಇಲ್ಲ, ನಾಲಿಗೆಗೆ ಸ್ವಲ್ಪ ಇದೆ. ತರಕಾರಿ ಸೂಪು ಮತ್ತು ಕಂದು ಸೋಡಾ ಬ್ರೆಡ್ಡು, ಮೇಲೆ ದಪ್ಪಗೆ ಬೆಣ್ಣೆ, ಇದು ಬಹುತೇಕ ಪಬ್ಬುಗಳಲ್ಲಿ ಸಿಗುತ್ತದೆ. ಸೂಪು ಕೋಳಿ ನೀರಿನದಾ ಅಂತ ಕೇಳಿಕೊಳ್ಳಿ. ಚೌಡರ್ ಅಂದರೆ ಮೀನು. ಇನಾ ಊರಿನ ಸೇಂಟ್ ಟೋಲಾ ಮೇಕೆ ಚೀಸ್ ಸಿಕ್ಕರೆ ಬಿಡಬೇಡಿ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು ಒಂದು ಡಬ್ಬಿ ಚಟ್ನಿಪುಡಿ ಇಟ್ಟುಕೊಂಡರೆ ಎರಡು ದಿನ ಆರಾಮ.

ಕಾರು ಬೇಕೇ ಬೇಕಾ? ರಸ್ತೆ ಹೇಗಿದೆ?

ಬೇಕು. ಬಸ್ಸು ಕಡಿಮೆ. ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ಪ್ರವಾಸಕ್ಕೆ ಬಂದವರು ಭಾರತದ ಲೈಸೆನ್ಸಿನಲ್ಲೇ ಓಡಿಸಬಹುದು. ಸಣ್ಣ ದಾರಿಗಳಿಗೆ ಬೋರೀನ್ ಅನ್ನುತ್ತಾರೆ. ಐರಿಶ್‌ನಲ್ಲಿ ಬೋಹರ್ ಅಂದರೆ ರಸ್ತೆ, ಬೋ ಅಂದರೆ ಹಸು. ರಸ್ತೆ ಅನ್ನುವ ಮಾತೇ ಹಸುವಿನಿಂದ ಬಂದದ್ದು. ನಮ್ಮ ಸಂಸ್ಕೃತದ ಗೋ ಕೂಡ ಇದೇ ಬೇರಿನ ಪದ. ಬೋರೀನ್‌ನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂದರೆ ರಿವರ್ಸ್ ಹೋಗಬೇಕಾದವರು ನೀವೇ. ಎದುರಾದ ಚಾಲಕ ಸ್ಟೀರಿಂಗ್‌ನಿಂದ ಒಂದು ಬೆರಳು ಎತ್ತುತ್ತಾನೆ. ಅದು ನಮಸ್ಕಾರ. ನೀವೂ ಎತ್ತಿ.

ವೀಸಾ?

ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ಕೂಟದಲ್ಲಿ ಐರ್ಲೆಂಡ್ ಇಲ್ಲ. ಫ್ರಾನ್ಸಿನ ವೀಸಾ ಹಿಡಿದು ಇಲ್ಲಿಗೆ ಇಳಿಯಬೇಡಿ, ವಾಪಸ್ ಕಳಿಸುತ್ತಾರೆ. ಬೇರೆಯೇ ವೀಸಾ ಬೇಕು.

ಗಾಲ್ವೇ ಹತ್ತಿರವಾ?

ಕಾರಿನಲ್ಲಿ ಒಂದೂಕಾಲು ಗಂಟೆ. ಖುಷಿಯ ಊರು. ಆದರೆ ಆ ಹೆಸರು ಕೇಳಿದರೆ ನಮ್ಮಂಥವರಿಗೆ ಬೆಳಗಾವಿಯ ಸವಿತಾ ಹಾಲಪ್ಪನವರ್ ನೆನಪಾಗುತ್ತಾರೆ. 2012ರ ಅಕ್ಟೋಬರ್‌ನಲ್ಲಿ, ಕೇಳಿದ ಗರ್ಭಪಾತ ಸಿಗದೆ, ನಂಜೇರಿ ಅಲ್ಲಿ ತೀರಿಕೊಂಡರು. 2018ರಲ್ಲಿ ಈ ದೇಶ ಮತ ಹಾಕಿ ಗರ್ಭಪಾತವನ್ನು ತಡೆದಿದ್ದ ಆ ಕಾನೂನನ್ನು ತೆಗೆಯಿತು. ಇಲ್ಲಿನ ವಯಸ್ಸಾದವರು ಕೂಡ ನಾನು ಕರ್ನಾಟಕದವಳು ಅಂದರೆ ಒಮ್ಮೊಮ್ಮೆ ಅವರ ಹೆಸರು ಹೇಳುತ್ತಾರೆ.

ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ?

ಊರು, ಕೆಥೆಡ್ರಲ್, ಬರೆನ್ ಸೆಂಟರ್ ಎಲ್ಲರಿಗೂ ಸರಿ. ಕಲ್ಲುಹಾಸಿನ ಮೇಲೆ ಮಾತ್ರ ಹುಷಾರು. ಗ್ರೈಕ್‌ಗಳ ಮೇಲೆ ಹುಲ್ಲು ಮುಚ್ಚಿಕೊಂಡಿರುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಒಳಗೆ. ಬಟ್ಟೆ ಶೂ ಹಾಕಿಕೊಂಡು ಫೋಟೋ ತೆಗೆಯುತ್ತಾ ಹಿಂದೆ ಹಿಂದೆ ನಡೆದು ನಾನು ಕಾಲು ಉಳುಕಿಸಿಕೊಂಡು ಮೂರು ವಾರ ಕುಂಟಿದ್ದೇನೆ. ಕಣಕಾಲು ಮುಚ್ಚುವ ಶೂ ತನ್ನಿ.

ಮಳೆ ಬಂದರೆ?

ಬರುತ್ತದೆ. ಇಲ್ಲಿನವರು ಜಿಟಿಜಿಟಿ ಮಳೆಯನ್ನು "ಸಾಫ್ಟ್ ಡೇ" ಅಂದು ಸುಮ್ಮನಾಗುತ್ತಾರೆ. ಛತ್ರಿ ತರಬೇಡಿ, ಮೊದಲ ಗಾಳಿಗೇ ಉಲ್ಟಾ ಆಗುತ್ತದೆ. ಟೋಪಿ ಇರುವ ಜಾಕೆಟ್ ಸಾಕು. ತೀರಾ ಜೋರಾದರೆ ಬ್ಯಾಲಿವಾನ್ ಹತ್ತಿರದ ಎಯಿಲ್ವೀ ಗುಹೆಗೆ ಹೋಗಿ, ಇಲ್ಲವಾದರೆ ಕೆಥೆಡ್ರಲ್‌ನ ಗಾಜಿನ ಸೂರಿನ ಕೆಳಗೆ ನಿಂತುಕೊಳ್ಳಿ. ನಿಲ್ಲುವವರೆಗೆ ಡೋರ್ಟಿ ಶಿಲುಬೆಯ ಆ ಇಬ್ಬರಲ್ಲಿ ಯಾರ ಕೋಲು ಸುತ್ತಿಗೆಯಂಥದ್ದು ಅಂತ ಹುಡುಕಿ. ನನಗೆ ಮೂರನೇ ಸಲ ಹೋದಾಗ ಕಂಡಿತ್ತು, ಅದೂ ಮಳೆಯಿಂದ.